ಹಸಿರು ಗೆರೆಯ ಬೆನ್ನಿಗೆ ಕಂದು ಕಲೆ: ಲಂಕೆಯ ಹಳೆಯ ಡಚ್ ನಕ್ಷೆ ಅಸಲಿಯೇ?

ಪ್ರಶ್ನೆ: ನಮ್ಮ ಮನೆ ಕುಂದಾಪುರದ ಹತ್ತಿರ. ಅಜ್ಜನ ಅಣ್ಣ ಕೊಲಂಬೋದಲ್ಲಿ ಹೋಟೆಲು ಕೆಲಸಕ್ಕಿದ್ದರು. ಊರಿಗೆ ಬರುವಾಗ ಲಂಕೆಯದೊಂದು ನಕ್ಷೆ ತಂದಿದ್ದರು. ಅದು ಐವತ್ತು ವರ್ಷಕ್ಕೂ ಮೇಲ್ಪಟ್ಟು ಚಾವಡಿಯ ಗೋಡೆಯಲ್ಲಿತ್ತು. ಈಗ ಮನೆ ರಿಪೇರಿಗೆಂದು ಇಳಿಸಿ, ಫ್ರೇಮಿನಿಂದ ಹೊರತೆಗೆದಿದ್ದೇವೆ. ಲ್ಯಾಟಿನ್‌ನಲ್ಲಿ ‘ಇನ್ಸುಲಾ ಸೆಯ್ಲಾನ್ ಓಲಿಮ್ ತಪ್ರೊಬಾನಾ’ ಎಂದು ಶುರುವಾಗುವ ಹೆಸರು, ಜೊತೆಗೆ ನಿಕೊಲಾಯ್ ವಿಸ್ಸರ್ ಎಂಬ ಹೆಸರು ಇದೆ. ಕರಾವಳಿ ಮತ್ತು ಗಡಿಗಳ ಉದ್ದಕ್ಕೂ ಹಸಿರು, ಹಳದಿ, ಕೆಂಪು ಬಣ್ಣ. ಹಸಿರು ಇರುವಲ್ಲೆಲ್ಲ ಹಾಳೆಯ ಹಿಂಬದಿ ಕಂದಾಗಿದೆ, ಎರಡು ಕಡೆ ಸೀಳಿದೆ. ಯಾರೋ ಹಿಂದಿನಿಂದ ಟೇಪು ಅಂಟಿಸಿದ್ದಾರೆ. ಇದು ಅಸಲಿಯೇ? ಬಣ್ಣ ಆ ಕಾಲದ್ದೇ? ಫ್ರೇಮಿನ ಅಂಗಡಿಯವರು ತೊಳೆದು, ಮಾಸಿದಲ್ಲಿ ಬಣ್ಣ ತುಂಬಿ, ಲ್ಯಾಮಿನೇಟ್ ಮಾಡಿ ಕೊಡುತ್ತೇವೆ ಎನ್ನುತ್ತಾರೆ. ಮಾಡಿಸಬಹುದೇ? ಅಮೆರಿಕದಲ್ಲಿರುವ ತಮ್ಮ ಅಲ್ಲಿಗೇ ಕಳಿಸಿ ಮಾರೋಣ ಎನ್ನುತ್ತಿದ್ದಾನೆ.

ಉತ್ತರ: ಮೊದಲು ಆ ಅಂಗಡಿಗೆ ಫೋನ್ ಮಾಡಿ, ಕೆಲಸ ಬೇಡ ಎಂದು ತಿಳಿಸಿಬಿಡಿ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ. ತೊಳೆಯುವುದು, ಬಣ್ಣ ತುಂಬುವುದು, ಲ್ಯಾಮಿನೇಟ್ ಮಾಡುವುದು, ಈ ಮೂರರಲ್ಲಿ ಒಂದೇ ಒಂದಾದರೂ ನಿಮ್ಮ ಹಾಳೆಗೆ ಸಾಕಷ್ಟು ಕೇಡು ಮಾಡುತ್ತದೆ. ಮೂರೂ ಸೇರಿದರೆ ಮತ್ತೆ ಯಾರ ಕೈಯಲ್ಲೂ ಸರಿಪಡಿಸಲಾಗದು.

ನೀವು ಕಳಿಸಿದ ಫೋಟೋಗಳಲ್ಲಿ ನನ್ನ ಕಣ್ಣು ಮೊದಲು ಹೋದದ್ದು ಹಿಂಬದಿಯ ಫೋಟೋಗೆ. ಅಲ್ಲಿ ಅಕ್ಷರವೂ ಇಲ್ಲ, ಚಿತ್ರವೂ ಇಲ್ಲ. ಖಾಲಿ ಹಾಳೆಯ ಮೇಲೆ ಲಂಕೆಯ ಒಂದು ಪಾಲು ಮಾತ್ರ ತಿರುವುಮುರುವಾಗಿ, ಕಾಫಿ ಚೆಲ್ಲಿ ಒಣಗಿದ ಬಣ್ಣದಲ್ಲಿ ಮೂಡಿ ನಿಂತಿದೆ. ಮುಂದೆ ಹಳದಿ ಇರುವಲ್ಲಿ ಹಿಂದೆ ಏನೂ ಇಲ್ಲ. ಕೆಂಪು ಇರುವಲ್ಲೂ ಇಲ್ಲ. ಹಸಿರು ಓಡಿದ ದಾರಿಯಲ್ಲೇ ಕಂದು ಓಡಿದೆ, ಅಂಚಿಗೆ ಅಂಚು ಕೂಡಿಸಿದಂತೆ. ನಿಮ್ಮ ಎರಡನೇ ಪ್ರಶ್ನೆಗೆ, ಅಂದರೆ ಬಣ್ಣ ಆ ಕಾಲದ್ದೇ ಎಂಬುದಕ್ಕೆ, ಇದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ. ಆದರೆ ಹಾಳೆಗೆ ಹಿಡಿದ ರೋಗವೂ ಅದೇ.

ಯಾಕೆ ಅಂತ ಹೇಳುತ್ತೇನೆ. ಆ ಹಸಿರು ತಾಮ್ರದ ಕಿಲುಬು. ಹುಳಿ ಮಜ್ಜಿಗೆಯನ್ನು ಕಲಾಯಿ ಹೋದ ಪಾತ್ರೆಯಲ್ಲಿ ಇಡಬೇಡ ಎಂದು ಮನೆಯ ಹಿರಿಯರು ಗದರುತ್ತಿದ್ದರಲ್ಲ, ಅದೇ ಕಿಲುಬು. ಯುರೋಪಿನಲ್ಲಿ ಅದನ್ನು ಬೇಕೆಂದೇ ಬೆಳೆಸುತ್ತಿದ್ದರು. ತಾಮ್ರದ ತಗಡುಗಳನ್ನು ವಿನೆಗರಿನ ಹಬೆಗೋ ದ್ರಾಕ್ಷಿ ಹಿಂಡಿದ ಚರಟದ ನಡುವೆಯೋ ಇಟ್ಟು, ಮೇಲೆ ಕಟ್ಟಿದ ಹಸಿರನ್ನು ಕೆರೆದು ತೆಗೆಯುವುದು. ಫ್ರಾನ್ಸಿನ ಮಾಂಪೆಲಿಯೇ ಪಟ್ಟಣ ಈ ಕಸುಬಿಗೇ ಹೆಸರಾಗಿತ್ತು. ಕುಂಚದಿಂದ ಎಳೆದಾಗ ತಿಳಿಯಾದ, ಪಾರದರ್ಶಕವಾದ ಹಸಿರು ಬರುತ್ತಿತ್ತು. ಅದಕ್ಕೇ ಆಮ್‌ಸ್ಟರ್‌ಡಾಮಿನ ನಕ್ಷೆಗಳಲ್ಲಿ ಹೆಚ್ಚಾಗಿ ಅದೇ. ಆದರೆ ಹಾಳೆಗೆ ಇಳಿದ ತಾಮ್ರ ಸುಮ್ಮನಿರುವುದಿಲ್ಲ. ಗಾಳಿಯ ಆಮ್ಲಜನಕ ಕಾಗದದ ನಾರನ್ನು ನಿಧಾನವಾಗಿ ಮುರಿಯುತ್ತಲೇ ಇರುತ್ತದೆ. ತಾಮ್ರ ಆ ಕೆಲಸವನ್ನು ಚುರುಕು ಮಾಡುತ್ತದೆ. ತೇವ ಸಿಕ್ಕರೆ ಇನ್ನೂ ಚುರುಕು. ನಾರು ಮೊದಲು ಕಂದಾಗುತ್ತದೆ, ಆಮೇಲೆ ಬಿರುಸಾಗುತ್ತದೆ, ಕೊನೆಗೆ ಒಣ ಹಪ್ಪಳದಂತೆ ಸೀಳುತ್ತದೆ. ನಿಮ್ಮ ನಕ್ಷೆಯ ಎರಡು ಸೀಳುಗಳೂ ಸರಿಯಾಗಿ ಹಸಿರು ಗೆರೆಯ ಮೇಲೇ ಇವೆ, ನೋಡಿ. ಯಾರೂ ಎಳೆದು ಹರಿದದ್ದಲ್ಲ. ಕಂದು ಹಿಂಬದಿಗೆ ಹೀಗೆ ಇಳಿಯಬೇಕಾದರೆ ತಲೆಮಾರುಗಳೇ ಕಳೆಯಬೇಕು. ಮೊನ್ನೆ ಮೊನ್ನೆ ಬಳಿದ ಬಣ್ಣದಲ್ಲಿ ಇದು ಸಿಗದು.

ಆದರೂ ಇಡೀ ನಕ್ಷೆಯ ಬಣ್ಣ ಒಂದೇ ಕಾಲದ್ದಲ್ಲ. ನಾಲ್ಕನೇ ಫೋಟೋವನ್ನು ದೊಡ್ಡದು ಮಾಡಿ ನೋಡಿ. ಶೀರ್ಷಿಕೆಯ ಸುತ್ತ ಇರುವ ಅಲಂಕಾರದ ಚಿತ್ರಕ್ಕೆ ನೀಲಿಯೂ ಗಾಢ ಗುಲಾಬಿಯೂ ಬಿದ್ದಿವೆ. ಆ ಮೂಲೆಯಲ್ಲಿ ಹಾಳೆ ಯಾವಾಗಲೋ ಮಡಚಿ ಒಂದು ಸುಕ್ಕು ಉಳಿದಿದೆ. ನೀಲಿ ಆ ಸುಕ್ಕಿನೊಳಗೆ ಇಳಿದು, ಅಲ್ಲಿ ಮಾತ್ರ ದಟ್ಟವಾಗಿ ನಿಂತಿದೆ. ಬಣ್ಣ ಮೊದಲು, ಸುಕ್ಕು ಆಮೇಲೆ ಆಗಿದ್ದರೆ ಸುಕ್ಕಿನ ಗೆರೆಯಲ್ಲಿ ಬಣ್ಣ ಉದುರಿ ಬಿಳಿ ಕಾಣಬೇಕಿತ್ತು. ಇಲ್ಲಿ ತದ್ವಿರುದ್ಧ. ಹಾಗಾದರೆ ಹಾಳೆ ಹಳತಾಗಿ, ಮಡಚಿ, ಸುಕ್ಕಾದ ಮೇಲೆ ಯಾರೋ ಚಿತ್ರಕ್ಕೆ ನೀಲಿ ಹಚ್ಚಿದ್ದಾರೆ. ಬಣ್ಣ ಇದ್ದರೆ ಗಿರಾಕಿ ಬೇಗ ಸಿಗುತ್ತಾನೆಂದು ಹತ್ತೊಂಬತ್ತು, ಇಪ್ಪತ್ತನೇ ಶತಮಾನದ ವ್ಯಾಪಾರಿಗಳು ಹೀಗೆ ಮಾಡಿಸುತ್ತಿದ್ದುದು ಬಹಳ. ಇದರಿಂದ ನಕ್ಷೆಯೇನೂ ನಕಲಿಯಾಗುವುದಿಲ್ಲ. ಕರಾವಳಿಯ ಗೆರೆಬಣ್ಣ ಹಳೆಯದು, ಶೀರ್ಷಿಕೆಯ ಚಿತ್ರದ ಬಣ್ಣ ಆಮೇಲಿನದು. ಇದು ನನ್ನ ತೀರ್ಮಾನ. ಮಾರುವ ಕಾಲ ಬಂದರೆ ಇದನ್ನು ಮುಚ್ಚಿಡದೆ ಹೇಳಿ.

ಇನ್ನು ಅಸಲಿಯೇ ಎಂಬ ಮೊದಲ ಪ್ರಶ್ನೆ. ಬಣ್ಣ ಹಳೆಯದೆಂದ ಮೇಲೆ ಹಾಳೆಯೂ ಹಳೆಯದೇ ಆಗಬೇಕು, ನಿಜ. ಆದರೂ ನಿಮ್ಮ ಕಣ್ಣಿಗೇ ಖಾತ್ರಿಯಾಗಲಿ ಎಂದು ಮನೆಯಲ್ಲೇ ಮಾಡಬಹುದಾದ ಕೆಲವು ಪರೀಕ್ಷೆ ಹೇಳುತ್ತೇನೆ. ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು, ಹಾಳೆಗಿಂತ ದೊಡ್ಡದಾದ ರಟ್ಟಿನ ಮೇಲೆ ಅದನ್ನಿಟ್ಟುಕೊಂಡೇ ಮಾಡಿ. ಒಂದು ಅಂಚು ಹಿಡಿದು ಎತ್ತುವುದು ಬೇಡವೇ ಬೇಡ.

ಒಂದು ಭೂತಗನ್ನಡಿ ತಂದು ಯಾವುದಾದರೂ ಊರಿನ ಹೆಸರನ್ನು ನೋಡಿ. ಇಂದಿನ ಮರುಮುದ್ರಣವಾದರೆ ಅಕ್ಷರ, ಬಣ್ಣ ಎಲ್ಲ ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆಯುತ್ತವೆ. ತಾಮ್ರದ ತಗಡಿನಲ್ಲಿ ಕೊರೆದು ಅಚ್ಚೊತ್ತಿದ್ದಾದರೆ ಗೆರೆ ಅಖಂಡವಾಗಿರುತ್ತದೆ, ತುದಿಯಲ್ಲಿ ಸೂಜಿಯಂತೆ ಸಣ್ಣಗಾಗುತ್ತದೆ, ಶಾಯಿ ಹಾಳೆಯಿಂದ ಕೂದಲೆಳೆಯಷ್ಟು ಮೇಲೆ ನಿಂತಿರುತ್ತದೆ. ನಕ್ಷೆಯ ಚೌಕಟ್ಟಿನ ಗೆರೆಯಿಂದ ಸ್ವಲ್ಪ ಹೊರಗೆ, ನಾಲ್ಕೂ ಕಡೆ, ತಗಡಿನ ಅಂಚು ಒತ್ತಿದ ತಗ್ಗು ಕಾಣಬೇಕು. ಓರೆ ಬೆಳಕಿನಲ್ಲಿ ಅದು ಚೆನ್ನಾಗಿ ತಿಳಿಯುತ್ತದೆ; ನಿಮ್ಮ ಎರಡನೇ ಫೋಟೋದಲ್ಲಿ ಬಲಗಡೆಯ ತಗ್ಗು ನನಗೆ ಕಂಡಿತು. ಆಮೇಲೆ ಬೆಳಗಿನ ಹೊತ್ತು ಬಿಸಿಲು ನೇರ ಬೀಳದ ಕಿಟಕಿಗೆ ಹಾಳೆಯನ್ನು ಅಡ್ಡ ಹಿಡಿಯಬೇಕು. ಹಿಡಿಯಲು ಇಬ್ಬರಿರಲಿ, ಕೆಳಗೆ ಗಾಜಿನ ಆಸರೆ ಇರಲಿ. ಒಳಗೆ ಒತ್ತೊತ್ತಾಗಿ ತೆಳು ಗೆರೆಗಳು, ಅವಕ್ಕೆ ಅಡ್ಡಲಾಗಿ ಹೆಚ್ಚುಕಡಿಮೆ ಅಂಗುಲಕ್ಕೊಂದರಂತೆ ದಪ್ಪ ಗೆರೆಗಳು ಕಂಡರೆ ಅದು ತಂತಿಯ ಜಾಲರಿಯಲ್ಲಿ ಕೈಯಿಂದ ಎತ್ತಿದ ಹಾಳೆ. ನುಣ್ಣನೆಯ, ಗೆರೆಯಿಲ್ಲದ ಕಾಗದ ಯುರೋಪಿನಲ್ಲಿ ಬಳಕೆಗೆ ಬಂದದ್ದೇ ಹದಿನೆಂಟನೇ ಶತಮಾನದ ನಡುವಿನಲ್ಲಿ. ಇನ್ನೊಂದು ಉಪಾಯ: ಅಂಗಡಿಗಳಲ್ಲಿ ಖೋಟಾ ನೋಟು ನೋಡಲು ನೇರಳೆ ದೀಪ ಇಟ್ಟಿರುತ್ತಾರಲ್ಲ, ಅದನ್ನು ಕತ್ತಲೆಯಲ್ಲಿ ಕೆಲವೇ ಸೆಕೆಂಡು ಹಾಳೆಯ ಅಂಚಿಗೆ ಹಿಡಿಯಿರಿ. ಹೊಸ ಕಾಲದ ಬಿಳಿ ಕಾಗದ ಬೆಳದಿಂಗಳಂತೆ ನೀಲಿ ಹೊಳೆಯುತ್ತದೆ. ಚಿಂದಿಬಟ್ಟೆಯಿಂದ ಮಾಡಿದ ಹಳೆಯ ಕಾಗದ ಹಾಗೆ ಹೊಳೆಯುವುದಿಲ್ಲ.

ಚಿಂದಿಬಟ್ಟೆ ಎಂದೆ. ನಾರುಬಟ್ಟೆಯ ಚಿಂದಿಯನ್ನು ಅರೆದು ಮಾಡಿದ ಕಾಗದವಾದ್ದರಿಂದಲೇ ನಿಮ್ಮ ಹಾಳೆ ಹಸಿರು ಇಲ್ಲದ ಕಡೆಯಲ್ಲೆಲ್ಲ ಇನ್ನೂ ಮೆತ್ತಗಿದೆ. ನಿಮ್ಮ ಅಜ್ಜನ ಕಾಲದ ಮರದ ತಿರುಳಿನ ಕಾಗದ, ಪತ್ರಿಕೆ ಎಲ್ಲ ಪುಡಿಯಾಗಿರುವಾಗ ಇದು ಗಟ್ಟಿಯಾಗಿರುವುದಕ್ಕೆ ಬೇರೆ ಗುಟ್ಟಿಲ್ಲ.

ಕಾಲ ಯಾವುದು? ವಿಸ್ಸರ್ ಎಂದರೆ ಡಚ್ಚಿನಲ್ಲಿ ಮೀನುಗಾರ. ಆಮ್‌ಸ್ಟರ್‌ಡಾಮಿನ ಕಾಲ್ವರ್‌ಸ್ಟ್ರಾಟ್ ಬೀದಿಯಲ್ಲಿದ್ದ ಇವರ ಅಂಗಡಿಯ ಗುರುತೂ ಮೀನುಗಾರನೇ. ನಿಕೊಲಾಸ್ ಎಂಬ ಹೆಸರು ಅಪ್ಪನಿಗೂ ಇತ್ತು, ಮಗನಿಗೂ ಇತ್ತು. ಅಪ್ಪ ತೀರಿದ್ದು 1679ರಲ್ಲಿ, ಮಗ 1702ರಲ್ಲಿ. ಮಗನ ಹೆಂಡತಿ ಎಲಿಸಬೆತ್ ಗಂಡನ ಕಾಲಾನಂತರ ಎರಡು ದಶಕಕ್ಕೂ ಮಿಕ್ಕಿ, 1726ರವರೆಗೆ, ಅಂಗಡಿ ನಡೆಸಿದಳು. ಆಮೇಲೆ ತಾಮ್ರದ ತಗಡುಗಳು ಪೀಟರ್ ಶೆಂಕ್ ಎಂಬವನ ಕೈಸೇರಿದವು. ಅವನು ಅದೇ ತಗಡುಗಳಲ್ಲಿ ತನ್ನ ಹೆಸರು ಕೊರೆಸಿಕೊಂಡು ಅಚ್ಚು ಮುಂದುವರಿಸಿದ. ನಿಮ್ಮ ಹಾಳೆಯಲ್ಲಿ ಶೆಂಕ್ ಹೆಸರು ಎಲ್ಲಿಯೂ ಕಾಣುತ್ತಿಲ್ಲ. ಆದ್ದರಿಂದ ತಗಡು ವಿಸ್ಸರ್ ಮನೆಯಲ್ಲಿದ್ದಾಗಲೇ ಒತ್ತಿದ್ದು. 1680ರ ಆಸುಪಾಸಿನಿಂದ 1726ರೊಳಗೆ ಎನ್ನುವುದು ಸರಿಯಾದ ಮಾತು. ಯಾರಾದರೂ ಒಂದೇ ಇಸವಿ ಹೇಳಿ ಸರ್ಟಿಫಿಕೇಟು ಕೊಡುತ್ತೇನೆಂದರೆ ಯಾವ ಆಧಾರದ ಮೇಲೆ ಎಂದು ಕೇಳಿ.

ಶೀರ್ಷಿಕೆಯನ್ನು ಪೂರ್ತಿ ಓದಿದರೆ ಒಂದು ಹಳೆಯ ಜಗಳ ಅಲ್ಲಿ ಕೂತಿದೆ. ‘ಸಿಲೋನ್ ದ್ವೀಪ, ಹಿಂದಿನ ತಪ್ರೊಬಾನಾ, ಅಲ್ಲಿನವರ ಬಾಯಲ್ಲಿ ತೆನಾರಿಸಿನ್ ಮತ್ತು ಲಂಕಾವ್ನ್’ ಎಂದು ಅದರ ಅರ್ಥ. ಎರಡನೇ ಶತಮಾನದ ಗ್ರೀಕ್ ಭೂಗೋಳ ಪಂಡಿತ ಟಾಲೆಮಿಯ ಗ್ರಂಥದಲ್ಲಿ ತಪ್ರೊಬಾನಾ ಎಂಬ ದ್ವೀಪ ಇರುವುದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ದೊಡ್ಡದಾಗಿತ್ತು. ನಾವಿಕರು ಬಂದು ನೋಡಿದರೆ ಲಂಕೆ ಅಷ್ಟು ದೊಡ್ಡದಿಲ್ಲ. ಹಾಗಾದರೆ ಟಾಲೆಮಿ ಹೇಳಿದ್ದು ಸುಮಾತ್ರಾ ಇರಬೇಕು ಎಂದು ಹದಿನೈದು, ಹದಿನಾರನೇ ಶತಮಾನದ ಪಂಡಿತರು ಹಲವರು ವಾದಿಸಿದರು. ವಿಸ್ಸರ್‌ನ ‘ಹಿಂದಿನ’ ಎಂಬ ಒಂದು ಪದ ಲಂಕೆಯ ಪರ ಹಾಕಿದ ಓಟು. ಕೊನೆಯ ‘ಲಂಕಾವ್ನ್’ ನೋಡಿದಾಗಲೆಲ್ಲ ನನಗೆ ಖುಷಿಯಾಗುತ್ತದೆ. ಸಿಂಹಳದಲ್ಲಿ ನಾಡಿನ ಹೆಸರು ‘ಲಂಕಾವ’. ಅಲ್ಲಿನ ಯಾರದೋ ಬಾಯಿಂದ ಹೊರಟ ಸದ್ದು ಯಾವುದೋ ಡಚ್ ಕಿವಿಗೆ ಬಿದ್ದು, ಆಮ್‌ಸ್ಟರ್‌ಡಾಮಿನ ತಗಡಿನವರೆಗೆ ಹೆಚ್ಚು ಕೆಡದೆ ಹೋಗಿದೆ.

ನಕ್ಷೆಯ ಮೈ ನೋಡಿ. ಕರಾವಳಿಯಲ್ಲಿ ಹೆಸರಿನ ಪಕ್ಕ ಹೆಸರು. ಒಳನಾಡಿನ ಆಕಾರ ಮಾತ್ರ ಅಷ್ಟು ನಂಬುವಂತಿಲ್ಲ. ಅದಕ್ಕೆ ಕಾರಣ ರಾಜಕೀಯ. ಕ್ಯಾಂಡಿಯ ದೊರೆ ಎರಡನೇ ರಾಜಸಿಂಹ ಪೋರ್ಚುಗೀಸರನ್ನು ಓಡಿಸಲು ಡಚ್ಚರನ್ನು 1638ರಲ್ಲಿ ಕೂಡಿಕೊಂಡ. ಡಚ್ಚರು 1640ರಲ್ಲಿ ಗಾಲೆ, 1656ರಲ್ಲಿ ಕೊಲಂಬೋ, 1658ರಲ್ಲಿ ಜಾಫ್ನಾ ಹಿಡಿದರು. ಹಿಡಿದದ್ದನ್ನು ದೊರೆಗೆ ಬಿಟ್ಟುಕೊಡಲಿಲ್ಲ. ಹೀಗೆ ಕಡಲಂಚು ಡಚ್ ಈಸ್ಟ್ ಇಂಡಿಯಾ ಕಂಪನಿಗೆ, ಬೆಟ್ಟದ ನಾಡು ಕ್ಯಾಂಡಿಗೆ ಎಂದು ದ್ವೀಪ ಹಂಚಿಹೋಯಿತು. ಕಡಲಂಚನ್ನು ಡಚ್ಚರು ಅಳೆದು ನೋಡಿದ್ದರು, ಬೆಟ್ಟದ ನಾಡಿನ ಬಹುಪಾಲು ಕೇಳಿ ಬರೆದದ್ದು. ಅಳೆದ ಹೊಸ ನಕ್ಷೆಗಳನ್ನಾದರೂ ಕಂಪನಿ ಹೊರಗೆ ಬಿಡುತ್ತಿರಲಿಲ್ಲ, ಗುಟ್ಟಾಗಿ ಕೈಬರಹದಲ್ಲೇ ಇಡುತ್ತಿತ್ತು. ಅಂಗಡಿಯಲ್ಲಿ ಮಾರುವ ಅಚ್ಚಿನ ನಕ್ಷೆ ಎಷ್ಟೋ ವರ್ಷ ಹಿಂದೆಯೇ ಉಳಿಯುತ್ತಿತ್ತು.

ಪಡುವಣ ಕರಾವಳಿಯಲ್ಲಿ ನೆಗೊಂಬೋದಿಂದ ತೆಂಕಕ್ಕೆ ಬರುತ್ತಾ ‘ಕನೇಲ್ ಲಾಂಟ್’ ಎಂದು ಬರೆದಿದೆಯೇ ಹುಡುಕಿ. ಆ ಕಾಲದ ಡಚ್ ನಕ್ಷೆಗಳಲ್ಲಿ ಹಾಗೆ ಬರೆಯುವ ರೂಢಿಯಿತ್ತು. ದಾಲ್ಚಿನ್ನಿಯ ನಾಡು ಎಂದರ್ಥ. ಅದನ್ನು ತೋಟ ಎಂದು ಓದಬೇಡಿ. ಕಂಪನಿ ಕೊಲಂಬೋದ ಮರದಾನದಲ್ಲಿ ದಾಲ್ಚಿನ್ನಿ ನೆಟ್ಟು ಬೆಳೆಸಲು ಶುರು ಮಾಡಿದ್ದು 1770ರ ಹೊತ್ತಿಗೆ. ನಿಮ್ಮ ನಕ್ಷೆಯ ಕಾಲಕ್ಕೆ ಅದು ಕಾಡು. ಸಲಾಗಮ ಜಾತಿಯವರು ಕಾಡಿಗೆ ಹೋಗಿ ತೊಗಟೆ ಸುಲಿದು, ಲೆಕ್ಕ ಹಾಕಿ ಕಂಪನಿಗೆ ಒಪ್ಪಿಸಬೇಕಿತ್ತು. ಕದ್ದು ಸುಲಿದರೆ, ಕದ್ದು ಮಾರಿದರೆ ಮರಣದಂಡನೆಯವರೆಗೂ ಶಿಕ್ಷೆ. ಈ ಎರಡು ಪದದ ಹಿಂದೆ ಇಷ್ಟು ಜನರ ಬಾಳು ಇದೆ. ನಕ್ಷೆಯನ್ನು ಬರೀ ಅಂದದ ಗೋಡೆಚಿತ್ರವಾಗಿ ನೋಡುವುದು ನನಗೆ ಈ ಕಾರಣಕ್ಕೆ ಒಗ್ಗುವುದಿಲ್ಲ.

ಬಣ್ಣದ ಬಗ್ಗೆ ಇನ್ನೂ ಒಂದೆರಡು ಮಾತು, ಏಕೆಂದರೆ ‘ಕೈಬಣ್ಣ ಎಂದರೆ ಯಾರು ಹಚ್ಚಿದ್ದು?’ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ತಾಮ್ರದ ತಗಡಿನಿಂದ ಬರುತ್ತಿದ್ದುದು ಕಪ್ಪು ಗೆರೆ ಮಾತ್ರ. ಬಣ್ಣ ಹಚ್ಚುವುದೇ ಬೇರೆ ಕಸುಬು. ಅವರನ್ನು ಡಚ್ಚಿನಲ್ಲಿ ‘ಆಫ್‌ಸೆಟರ್’ ಎನ್ನುತ್ತಿದ್ದರು, ನಮ್ಮ ಆಫ್‌ಸೆಟ್ ಪ್ರೆಸ್ಸಿಗೂ ಅದಕ್ಕೂ ನಂಟಿಲ್ಲ. ಡಿರ್ಕ್ ಯಾನ್ಸ್ ವಾನ್ ಸಾಂಟೆನ್ ಎಂಬಾತ ಅವರಲ್ಲಿ ಬಲು ಹೆಸರುವಾಸಿ. ಹಣವಂತರ ಅಟ್ಲಾಸುಗಳಿಗೆ ಚಿನ್ನವನ್ನೂ ಹಚ್ಚುತ್ತಿದ್ದ. ಆಮ್‌ಸ್ಟರ್‌ಡಾಮಿನಲ್ಲೇ ನಕ್ಷೆ ಅಚ್ಚು ಮಾಡುತ್ತಿದ್ದ ಬ್ಲಾವ್ ಮನೆತನದ ದೊಡ್ಡ ಅಟ್ಲಾಸು ಬಣ್ಣವಿಲ್ಲದೆ ಸುಮಾರು 350 ಗಿಲ್ಡರ್ (ಆಗಿನ ಡಚ್ ನಾಣ್ಯ) ಆದರೆ ಬಣ್ಣ ಹಾಕಿದ್ದಕ್ಕೆ ಇನ್ನೂ ನೂರು ಗಿಲ್ಡರ್ ಹೆಚ್ಚು ಕೊಡಬೇಕಿತ್ತು. ಆ ಬಣ್ಣಗಳೂ ಹಡಗು ಹತ್ತಿ ಬಂದವೇ. ಪಾರದರ್ಶಕ ಹಳದಿಗೆ ಬಳಸುತ್ತಿದ್ದುದು ಕಾಂಬೋಡಿಯಾ ಕಡೆಯ ಒಂದು ಮರದ ಅಂಟು. ಮರ ನಮ್ಮ ಮುರುಗಲಿನ ಕುಲದ್ದೇ. ಕೆಂಪಿಗೆ ಇಂಗಳೀಕ, ಸಿಂಧೂರ, ಜೊತೆಗೆ ಬ್ರೆಜಿಲ್ ಮರದ ಚಕ್ಕೆ ಕುದಿಸಿದ ರಸ. ಆ ಮರವನ್ನು ಅರದಿಂದ ಉಜ್ಜಿ ಪುಡಿ ಮಾಡುವ ಕೆಲಸ ಆಮ್‌ಸ್ಟರ್‌ಡಾಮಿನಲ್ಲಿ ಜೈಲಿನ ಕೈದಿಗಳದು. ನಿಮ್ಮ ನಕ್ಷೆಯ ಕೆಂಪು ಗೆರೆ ಎರಡು ಕಡೆ ಕಪ್ಪಾದಂತಿದೆಯಲ್ಲ, ಅಲ್ಲಿ ಸಿಂಧೂರ ಇರಬೇಕು. ಸೀಸದ ಬಣ್ಣವಾದ್ದರಿಂದ ಹೀಗೆ ಕಪ್ಪಾಗುವುದು ಅದರ ಗುಣ. ಮೇಲೆ ಹೊಸ ಬಣ್ಣ ಬಳಿದು ಮುಚ್ಚಬೇಡಿ.

ಈಗ ಚಿಕಿತ್ಸೆ. ನೀರಿನಲ್ಲಿ ತೊಳೆದರೆ ಹಸಿರಿನ ತಾಮ್ರ ಕರಗಿ ಪಕ್ಕದ ಒಳ್ಳೆಯ ಹಾಳೆಗೂ ಹರಡುತ್ತದೆ. ಇಂದು ಗೆರೆಯಷ್ಟಿರುವ ಕಂದು ನಾಳೆ ಬೆರಳಗಲ ಆಗುತ್ತದೆ. ಲ್ಯಾಮಿನೇಶನ್ ಎಂದರೆ ಬಿಸಿಯಲ್ಲಿ ಕರಗಿಸಿದ ಪ್ಲಾಸ್ಟಿಕ್ಕನ್ನು ನಾರಿನೊಳಕ್ಕೆ ಒತ್ತುವುದು. ನಾನು ಈ ವಿದ್ಯೆ ಕಲಿಯುತ್ತಿದ್ದ ದಿನಗಳಲ್ಲಿ ಒಂದು ಕುಟುಂಬದವರು ಹಳೆಯ ಜಮೀನು ಪತ್ರವನ್ನು ಹೀಗೆ ಲ್ಯಾಮಿನೇಟ್ ಮಾಡಿಸಿ ತಂದಿದ್ದರು. ಒಳಗೆ ತೇವ ಉಳಿದು ಕರಿ ಬೂಸ್ಟು ಹಿಡಿದಿತ್ತು, ಬಿಡಿಸಲು ಹೋದರೆ ಅಕ್ಷರ ಪ್ಲಾಸ್ಟಿಕ್ಕಿನ ಜೊತೆಗೇ ಏಳುತ್ತಿತ್ತು. ನಮ್ಮ ಗುರುಗಳು ಅರ್ಧ ದಿನ ನೋಡಿ, ಮುಟ್ಟದೆ ವಾಪಸು ಕೊಟ್ಟರು. ಆ ಮನೆಯ ಹೆಂಗಸಿನ ಮುಖ ನನಗಿನ್ನೂ ನೆನಪಿದೆ.

ನಿಮ್ಮ ಹಾಳೆಗೆ ಬೇಕಾದದ್ದು ಕಾಗದ ಸಂರಕ್ಷಣೆ ಕಲಿತವರ ಕೈ. ಅವರು ಬೆನ್ನಿಗೆ ಜಪಾನಿನ ಕೋಝೋ ನಾರಿನ ತೆಳು ಕಾಗದ ಕೊಟ್ಟು, ಆದಷ್ಟು ಕಡಿಮೆ ತೇವದಲ್ಲಿ, ಬೇಕಾದಾಗ ಮತ್ತೆ ಬಿಡಿಸಬಹುದಾದ ಅಂಟಿನಿಂದ ಸೀಳನ್ನು ಕೂಡಿಸುತ್ತಾರೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಪಾರಂಪರಿಕ ವಸ್ತುಗಳನ್ನು ಉಳಿಸುವ ಇಂಟಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ, ಮೈಸೂರಿನಲ್ಲಿ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯವಿದೆ. ಮೊದಲು ಫೋಟೋ ತೋರಿಸಿ ಕೇಳಿ. ಟೇಪನ್ನು ನೀವಾಗಿ ಕೀಳಬೇಡಿ. ಸೀಳು ಇರುವುದು ಹಪ್ಪಳದಂತಾದ ಹಸಿರಿನ ಮೇಲೆ. ಟೇಪು ಎದ್ದರೆ ಹಾಳೆಯ ಪದರವೂ ಏಳುತ್ತದೆ.

ಅಲ್ಲಿಯವರೆಗೆ ಹಾಳೆ ಗೋಡೆಗೆ ಮರಳಬಾರದು. ನಿಮ್ಮ ಊರಿನ ಆಷಾಢದ ತೇವವನ್ನು ನೆನೆಸಿಕೊಳ್ಳಿ. ತಾಮ್ರಕ್ಕೆ ಅದೇ ಹಬ್ಬ. ಹಳೆಯ ಫ್ರೇಮಿನ ಹಿಂದಿದ್ದ ಪ್ಲೈವುಡ್ಡು, ಪತ್ರಿಕೆಯ ಕಾಗದ ಎರಡನ್ನೂ ದೂರ ಇಡಿ. ಹಾಳೆಯ ಉಳಿದ ಮೈಯೆಲ್ಲ ತುಸು ಹಳದಿಯಾಗಲು ಅವುಗಳ ಹುಳಿಯೇ ಕಾರಣ. ಆಮ್ಲವಿಲ್ಲದ ರಟ್ಟು ಎರಡು ತರಿಸಿ, ನಡುವೆ ನಕ್ಷೆಯನ್ನು ಮಟ್ಟಸವಾಗಿ ಮಲಗಿಸಿ, ಗಂಜಿ ಹಾಕದ ತೊಳೆದ ಹತ್ತಿಬಟ್ಟೆಯಲ್ಲಿ ಸುತ್ತಿ, ಹೊರಗೋಡೆಗೆ ತಾಗದ ಕಪಾಟಿನಲ್ಲಿ ಇಡಿ. ಸುರುಳಿ ಸುತ್ತಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ಇಡಬೇಡಿ. ತೇವ ತೆಗೆಯಲೆಂದು ಬಿಸಿಲಿಗೂ ಹಾಕಬೇಡಿ. ಚಾವಡಿಯ ಗೋಡೆ ಬೋಳಾಯಿತೆಂದು ಮನೆಯವರಿಗೆ ಅನಿಸಿದರೆ ಚೆನ್ನಾಗಿ ಫೋಟೋ ತೆಗೆಸಿ ಅದರ ಪ್ರತಿ ತೂಗುಹಾಕಿ.

ಬೆಲೆಯ ಬಗ್ಗೆ: ಇದು ಜಗತ್ತಿನಲ್ಲಿ ಒಂದೇ ಉಳಿದ ಪ್ರತಿಯಲ್ಲ. ವಿಸ್ಸರ್ ಮನೆಯವರು ಈ ನಕ್ಷೆಯನ್ನು ದಶಕಗಳ ಕಾಲ ಮಾರಿದ್ದಾರೆ, ಯುರೋಪಿನ ಮಾರಾಟಗಾರರಲ್ಲಿ ಆಗಾಗ ಸಿಗುತ್ತದೆ. ಸೀಳು, ಟೇಪು, ಆಮೇಲೆ ಹಚ್ಚಿದ ನೀಲಿ, ಮೂರೂ ಬೆಲೆ ಇಳಿಸುತ್ತವೆ. ಮನೆಯ ಸಾಲ ತೀರಿಸುವ ಮೊತ್ತ ಇದರಿಂದ ಬರುವುದಿಲ್ಲ ಎಂದು ನೇರವಾಗಿ ಹೇಳಿಬಿಡುತ್ತೇನೆ. ತಮ್ಮನಿಗೂ ಒಂದು ಮಾತು ತಿಳಿಸಿ: ನೂರು ವರ್ಷ ದಾಟಿದ ಇಂಥ ವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವುದನ್ನು 1972ರ ಪ್ರಾಚೀನ ವಸ್ತು ಮತ್ತು ಕಲಾನಿಧಿ ಕಾಯ್ದೆ ತಡೆಯುತ್ತದೆ. ಸೂಟ್‌ಕೇಸಿನಲ್ಲಿಟ್ಟು ಒಯ್ಯುವ ಯೋಚನೆಯೇ ಬೇಡ.

ನನ್ನನ್ನು ಕೇಳಿದರೆ ಇಟ್ಟುಕೊಳ್ಳಿ ಎನ್ನುತ್ತೇನೆ. ನಿಮ್ಮ ಮನೆಯಿಂದ ಕೂಗಳತೆ ದೂರದ ಬಸರೂರಿನಲ್ಲಿ, ಕೆಳದಿಯ ಅರಸರ ಕಾಲದಲ್ಲಿ, ಇದೇ ಡಚ್ ಕಂಪನಿಯ ಕೋಠಿ ಇತ್ತು. ಕೆನರಾದ ಅಕ್ಕಿ ಕೊಳ್ಳಲು ಅವರು ಅಲ್ಲಿಗೆ ಬರುತ್ತಿದ್ದರು. ಆ ಕಾಲದ ಯುರೋಪಿನ ನಕ್ಷೆಗಳಲ್ಲಿ ‘ಬಾರ್ಸೆಲೋರ್’ ಎಂದಿರುವುದು ಬಸರೂರೇ.

ಕಪಾಟಿಗೆ ಇಡುವ ಮೊದಲು ಒಂದು ಕೆಲಸ ಮಾಡಿ. ದೊಡ್ಡಜ್ಜ ಕೊಲಂಬೋದ ಯಾವ ಬೀದಿಯಲ್ಲಿದ್ದರು, ಯಾವ ವರ್ಷ ಮರಳಿದರು, ನಕ್ಷೆಯನ್ನು ಕೊಂಡರೋ ಯಾರಾದರೂ ಕೊಟ್ಟರೋ, ಮನೆಯ ಹಿರಿಯರಲ್ಲಿ ನೆನಪಿರುವವರನ್ನು ಕೇಳಿ ಬೇರೆ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದಿಡಿ. ಹಳೆಯ ಫ್ರೇಮಿನ ಹಿಂದೆ ಅಂಗಡಿಯ ಚೀಟಿ ಅಂಟಿದ್ದರೆ ಅದನ್ನು ಎಸೆಯದೆ, ನಕ್ಷೆಗೆ ತಾಗದಂತೆ ಬೇರೆ ಲಕೋಟೆಯಲ್ಲಿಡಿ. ಅದರ ಫೋಟೋ ಸಿಕ್ಕರೆ ನನಗೂ ಕಳಿಸಿ.